ಬೋಟಿಯ ಗಂಟಲಲ್ಲಿ ಎಲುಬಿರಲಿಲ್ಲ

ಶಿವಪುತ್ರ,

ವಾಚ್‌ಮನ್ ಡ್ಯೂಟಿ ಮುಗಿಸಿ ಬಂದವನು ಬೋಟಿಯನ್ನು ಕರೆಯಬೇಡ. ನಮ್ಮ ನಾಯಿ ಬೆಳಿಗ್ಗೆ ಸತ್ತಿತು. ಮೆಟ್ಟಿಲ ಕೆಳಗೆ ಗೋಣಿಚೀಲ ಹೊದಿಸಿದ್ದೇನೆ, ಕಾರ್ಪೊರೇಷನ್ನಿನವರು ಬರುವತನಕ ಮುಟ್ಟಬೇಡ. ಅಳುವುದಿದ್ದರೆ ದೂರ ನಿಂತು ಅಳು.

ನಾನು ಪಾತ್ರೆ ತೊಳೆಯುವ ಬೆನ್ಸನ್ ಟೌನ್ ಮನೆಯ ದನದ ಡಾಕ್ಟರಿಗೆ ಅಂಗಡಿಯಿಂದ ಫೋನ್ ಮಾಡಿದೆ. ಜೊಲ್ಲು ಸುರಿಸುತ್ತಿತ್ತು, ನೀರು ನುಂಗುತ್ತಿರಲಿಲ್ಲ, ಗಂಟಲಲ್ಲಿ ಎಲುಬು ಸಿಕ್ಕಿಕೊಂಡಿತ್ತು ಅಂತ ಹೇಳಿದೆ. "ಎಲುಬಲ್ಲಮ್ಮ, ಅದು ಹುಚ್ಚು. ಯಾರಾದ್ರೂ ಬಾಯೊಳಗೆ ಕೈ ಹಾಕಿದ್ರಾ?" ಅಂದರು.

ಮೊನ್ನೆ ಮಣಿಕಟ್ಟಿನ ತನಕ ಕೈ ತುರುಕಿ ಎಲುಬು ಹುಡುಕಿದ ಶೂರ ನೀನೇ ಅಲ್ಲವೇ? "ಕಚ್ಚಿಲ್ಲ ಬಿಡಕ್ಕಾ, ಹಲ್ಲು ತರಚೇತಿ ಅಷ್ಟ" ಎಂದು ಅರಿಶಿನ ಬೇರೆ ಮೆತ್ತಿಕೊಂಡೆ. ತರಚಿದರೂ ಸಾಕಂತೆ. ಮೊದಲು ಆ ಅರಿಶಿನ ತೆಗೆ. ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ಕೈ ತೊಳೆ. ಒಂದು ಗಳಿಗೆ ಮಲಗುತ್ತೇನೆ ಅನ್ನಬೇಡ, ಊರಿನ ನಾಟಿ ಔಷಧದ ಮಾತೂ ಬೇಡ. ಸೀದಾ ಶಿವಾಜಿನಗರದ ಬಸ್ಸು ಹತ್ತಿ ದೊಡ್ಡಾಸ್ಪತ್ರೆಗೆ ಬಾ. ನಾಯಿ ಕಡಿತದ ಇಂಜೆಕ್ಷನ್ ಸಾಲಿನಲ್ಲಿ ನಾನಿರುತ್ತೇನೆ.

ನೀನ್ಯಾಕೆ ಅಲ್ಲಿ ಅಂತ ಕೇಳುತ್ತೀಯ. ಫೋನ್ ಇಟ್ಟು ಬಂದರೆ ಗಂಗಾ ಬಾಗಿಲಲ್ಲಿ ಕೂತಿದ್ದಳು. ಅವಳ ಬೆರಳಿಗೂ ಅರಿಶಿನ. ಯಾಕೇ ಅಂದೆ.

"ಮಾವಗ ಎಲುಬು ಸಿಗಲಿಲ್ಲಲ್ಲವ್ವ. ನನ್ನ ಕೈ ಸಣ್ಣದೈತಿ ಅಂತ ನಾನೂ ಹುಡುಕಿದೆ."