ಕಾವಲು ತಪ್ಪಿದ ಬಾಯಿ

ಬೇತಮಂಗಲ
೧೬ ಜೂನ್ ೨೦೨೪

ನನ್ನ ಸೆಲ್ವಿಗೆ ಶಶಿರೇಖಳ ನೆನಪುಗಳು.

ನಾವಿಲ್ಲಿ ಚೆನ್ನಾಗಿದ್ದೇವೆ, ಹೋದ ವಾರ ಹಸು ಕರು ಹಾಕಿತು. ಆಪರೇಷನ್ ಆಗಿ ಐದು ತಿಂಗಳಾದರೂ ನಿನಗೊಂದು ಸುದ್ದಿ ಕಳಿಸಲಿಲ್ಲ, ಬೈದುಕೋ. ನಾಲಿಗೆಯ ಎಡಭಾಗ ತೆಗೆದಿದ್ದಾರೆ. ಫೋನಿನಲ್ಲಿ ನನ್ನ ಮಾತು ಯಾರಿಗೂ ತಿಳಿಯದು, ಅದಕ್ಕೇ ಈ ಕಾಗದ. ಊರಿಗಾಂ ಸ್ಕೂಲಿನಲ್ಲಿ ಕಲಿತ ಕನ್ನಡ ನಿನಗೆ ನಿಧಾನವಾದರೂ ಬರುತ್ತದೆ. ಒಬ್ಬಳೇ ಕೂತು ಓದು.

ನಿನ್ನ ಗಂಡ ವಿಜಯಕುಮಾರ್ ಮೊನ್ನೆ ಬಂದಿದ್ದರು. ನಿನ್ನ ಕೆನ್ನೆಯೊಳಗೆ ಬಿಳಿ ಮಚ್ಚೆ ಎದ್ದು ಎರಡು ತಿಂಗಳಾಯಿತಂತೆ. ಆಸ್ಪತ್ರೆ ಅಂದರೆ ಗೋಡೆ ಕಡೆ ತಿರುಗಿ ಮಲಗುತ್ತೀಯಂತೆ, ಎಲ್ಲ ಹಣೆಬರಹ ಅನ್ನುತ್ತೀಯಂತೆ. ಸೆಲ್ವಿ, ಆ ಹಣೆಬರಹವನ್ನು ನಾನು ಮೈಕ್ರೋಸ್ಕೋಪಿನಲ್ಲಿ ನೋಡಿದ್ದೇನೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಸುಮಲತ ಅಂತ ಡಾಕ್ಟರು. 'ನನಗೇ ಯಾಕೆ' ಅಂತ ದಿನಾ ಸ್ಲೇಟಿನಲ್ಲಿ ಬರೆದು ಅವರ ಮುಂದೆ ಹಿಡಿಯುತ್ತಿದ್ದೆ. ಕೊನೆಗೊಂದು ದಿನ ಲ್ಯಾಬಿಗೆ ಕರೆದೊಯ್ದು ನನ್ನದೇ ನಾಲಿಗೆಯ ಚೂರನ್ನು ತೋರಿಸಿದರು. ನಮ್ಮ ಒಂದೊಂದು ಕಣದಲ್ಲೂ ಕಾವಲು ಕಾಯುವ ಪ್ರೋಟೀನ್‌ಗಳು ಇರುತ್ತವಂತೆ. ಕೆಟ್ಟ ಕಣ ಎರಡಾಗಲು ಹೊರಟರೆ ತಡೆಯುತ್ತವೆ, ದುರಸ್ತಿಯಾಗದಿದ್ದರೆ ಸಾಯಿಸುತ್ತವೆ. ವರ್ಷಗಟ್ಟಲೆ ಹೊಗೆಸೊಪ್ಪಿನ ರಸ ಬಿದ್ದು, ಆ ಪ್ರೋಟೀನ್ ಮಾಡುವ ಜೀನುಗಳೇ ಹಾಳಾಗುತ್ತವೆ. ಲ್ಯಾಬಿನಲ್ಲಿ ಹಾಕಿದ ಬಣ್ಣಕ್ಕೆ ಚೂರಿನ ಚೆನ್ನಾಗಿದ್ದ ಅಂಚು ಕಂದಾಗಿತ್ತು. ಅದು ಕಾವಲಿನ ಗುರುತು. ಗಡ್ಡೆಯಲ್ಲಿ ಕಂದು ಇರಲೇ ಇಲ್ಲ. ತಡೆಯುವವರಿಲ್ಲದ ಕಣಗಳು ಒಂದರ ಮೇಲೊಂದು ಬಿದ್ದಿದ್ದವು. ಅದರಲ್ಲಿ ಯಾವ ಶಾಪವೂ ನನಗೆ ಕಾಣಲಿಲ್ಲ.

ಊರಿಗೆ ಬಂದು ಡೈರಿಗೆ ಹಾಲು ತೆಗೆದುಕೊಂಡು ಹೋದೆ. ಕಾರ್ಯದರ್ಶಿ ಜಯರಾಮಪ್ಪ ಕ್ಯಾನ್ ಮುಟ್ಟಲಿಲ್ಲ. "ಬೇರೆಯೋರ ಕೈಲಿ ಕಳ್ಸಕ್ಕಾ, ಜನ ಎದರ್ತಾರೆ" ಅಂದ. ಸಾಲಿನಲ್ಲಿದ್ದವರೆಲ್ಲ ನೆಲ ನೋಡಿದರು. ನಾನು ಜಾಗ ಬಿಡಲಿಲ್ಲ.

"ಇದು ಅಂಟೋ ರೋಗ ಅಲ್ಲ ಕಣಪ್ಪ. ಓಗಿರೋದು ಅರ್ಧ ನಾಲಿಗೆ, ಮಾತು ಪೂರ್ತಿ ಐತೆ. ಆಲು ಅಳೆ."

ಮೊದಲ ಸಲ ಅವನಿಗೆ ತಿಳಿಯಲಿಲ್ಲ, ಎರಡನೇ ಸಲ ಯಾರೋ ನಕ್ಕರು. ಜೊಲ್ಲು ಸೋರುತ್ತಿತ್ತು. ಸೆರಗಿನಲ್ಲಿ ಒರೆಸಿಕೊಂಡು ಮೂರನೇ ಸಲ ಅಂದೆ. ಅಳೆದ. ಆ ಸಾಲಿನಲ್ಲಿದ್ದ ಮುನಿಗಂಗಮ್ಮ ಮರುದಿನ ಮನೆಗೆ ಬಂದು, ಬಾಗಿಲು ಮುಂದಕ್ಕೆ ಹಾಕಿ, ನನ್ನೆದುರು ಬಾಯಿ ತೆರೆದು ಒಳಗಿನ ಹುಣ್ಣು ತೋರಿಸಿದಳು. ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೂ ಆಯಿತು.

ಬಿಳಿ ಮಚ್ಚೆಯೆಲ್ಲ ಕ್ಯಾನ್ಸರ್ ಅಲ್ಲವಂತೆ. ಆದರೆ ಒಂದು ಚೂರು ತೆಗೆದು ನೋಡದೆ ಯಾರೂ ಹೇಳಲಾರರು. ನಾನು ಕಾಯುತ್ತಾ ಕೂತು ಅರ್ಧ ನಾಲಿಗೆ ಕಳೆದುಕೊಂಡೆ. ನಿನ್ನನ್ನು ಹಾಗೆ ಕೂರಲು ಬಿಡುವುದಿಲ್ಲ. ೨೪ನೇ ತಾರೀಖು ಸೋಮವಾರ ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿರುತ್ತೇನೆ, ಬೆಂಗಳೂರಿನ ಆಸ್ಪತ್ರೆಗೆ ಹೋಗೋಣ. ಬರದಿದ್ದರೆ ನಿಮ್ಮ ಗಣಿ ಕಾರ್ಮಿಕರ ಲೈನ್ ಮನೆಗೇ ಬಂದು ಬಾಗಿಲು ಬಡಿಯುತ್ತೇನೆ, ಅಕ್ಕಪಕ್ಕದವರೆಲ್ಲ ನನ್ನ ತೊದಲು ಕೇಳಲಿ.

ಮಕ್ಕಳು ನೂರ್ಕಾಲ ಬಾಳಲಿ. ನಿನ್ನ ಬಾಯಿ ತಣ್ಣಗಿರಲಿ.

ನಿನ್ನ
ಶಶಿರೇಖ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ರೇಷ್ಮೆ ನೂಲು ತೆಗೆಯುವ ಶೆಡ್ಡಿಗೆ ನೀನು ಸೇರಿದ ಮೊದಲ ದಿನ, ಬೆಂದ ಹುಳದ ವಾಸನೆಗೆ ವಾಂತಿ ಮಾಡಿಕೊಂಡೆ. ವಾಸನೆ ತಿಳಿಯಲ್ಲ ಅಂತ ನಿನ್ನ ಕೆನ್ನೆಯೊಳಗೆ ಹೊಗೆಸೊಪ್ಪು ಇಟ್ಟವಳು ನಾನು. ನೀನು ಉಗಿದೆ. ನಾನು ನಗುತ್ತಾ ಇನ್ನೊಂದು ಎಸಳು ಮಡಿಸಿ, ನಿನ್ನ ಗದ್ದ ಹಿಡಿದು, ಮತ್ತೆ ಇಟ್ಟೆ.