ಇಪ್ಪತ್ತೆಂಟು ದಿನದ ಮುಲಾಮು

೧೪ ಮಾರ್ಚ್, ಶುಕ್ರವಾರ

ಪ್ರೀತಿಯ ಗೂಬೆಗೆ,

ಹೇಗಿದ್ದೀಯ? ನಿನ್ನ ಮೂರು ಕಾಗದ ಬಂದರೂ ಉತ್ತರ ಬರೆಯದೆ ಕೂತಿದ್ದೆ. ಕೈ ಮುರಿದಿರಲಿಲ್ಲ, ಕೆಲಸವೂ ಇರಲಿಲ್ಲ. ರಿಟೈರಾದ ಹೆಡ್‌ಮಿಸ್ಟ್ರೆಸ್ಸಿಗೆ ಅಕ್ಕಪಕ್ಕದವರ ಕಾಗುಣಿತ ತಿದ್ದೋದು ಬಿಟ್ಟರೆ ಇನ್ನೇನು ಕೆಲಸ? ಬರೆಯೋಕೆ ಧೈರ್ಯ ಇರಲಿಲ್ಲ, ಅಷ್ಟೇ. ಹೊಟ್ಟೆಗೆ ಹಾಕ್ಕೋ. ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆ ಮೆಟ್ಟಿಲು ಹತ್ತಿ ಇಳಿದು ಇನ್ನಷ್ಟು ಹಾಳು ಮಾಡ್ಕೋಬೇಡ, ನಿನಗೆ ಹೇಳಿದ್ದು ಕೇಳೋ ಅಭ್ಯಾಸ ಹಾಸ್ಟೆಲಿನಲ್ಲೇ ಇರಲಿಲ್ಲ.

ಇವರ ಸುದ್ದಿ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಡ್ತೀನಿ. ಕಿವಿ ಪಕ್ಕ ಆಗಿದ್ದು ಕ್ಯಾನ್ಸರ್. ಆಪರೇಷನ್ ಆಗಿ ಐದು ವಾರ ಆಯ್ತು. ಬಲಗಿವಿ ಅರ್ಧ ಹೋಗಿದೆ. ಕತ್ತಿನ ಗಂಟಿಗೂ ಇಳಿದಿದೆ ಅಂತ ಮೊನ್ನೆ ಗೊತ್ತಾಯ್ತು. ಮುಂದೇನು ಅಂತ ಕೇಳಿದರೆ ಸರ್ಜನ್ "ನೋಡೋಣ" ಅಂದರು. ಫೇಲಾಗೋದು ಖಾತ್ರಿಯಾದ ಮಕ್ಕಳ ತಂದೆತಾಯಿಗೆ ನಾನೂ ಅಷ್ಟು ವರ್ಷ "ನೋಡೋಣ" ಅಂತಲೇ ಹೇಳ್ತಿದ್ದೆ. ಆ ಮಾತಿನ ಅರ್ಥ ನನಗೆ ಗೊತ್ತು.

ಹುಟ್ಟಿನಿಂದ ಮೈಗೆ ಬಣ್ಣವೇ ಇಲ್ಲದ ಮನುಷ್ಯ ಗಿಡದ ನರ್ಸರಿಯ ಬಿಸಿಲಲ್ಲಿ ಮೂವತ್ತು ವರ್ಷ ನಿಂತರೆ ಏನಾಗತ್ತೋ ಅಂತ ನೀನು ಮೊದಲೇ ಅಂದಿದ್ದೆ. ಆದದ್ದೂ ಅದೇ. ಎರಡು ವರ್ಷದ ಹಿಂದೆ ಕೆನ್ನೆ, ಹಣೆ ಎಲ್ಲ ಒರಟಾಗಿ, ಸವರಿದರೆ ಉಪ್ಪುಕಾಗದ ಮುಟ್ಟಿದ ಹಾಗಾಗಿತ್ತು. ಚರ್ಮದ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನೋಡಿ, "ಇದು ಇನ್ನೂ ಕ್ಯಾನ್ಸರ್ ಅಲ್ಲ, ಆದರೆ ಆ ಕಡೆಗೆ ಹೊರಟು ನಿಂತಿದೆ" ಅಂದರು. ಒಂದೆರಡು ಕಲೆ ಆಗಿದ್ದರೆ ತಣ್ಣನೆ ಗ್ಯಾಸ್ ಬಿಟ್ಟು ಸುಡಬಹುದಿತ್ತಂತೆ, ಇವರಿಗೆ ಮುಖದ ತುಂಬ ಇತ್ತು. ಇನ್ನುಳಿದದ್ದು ಎರಡು. ಒಂದು ಜೆಲ್, ಮೂರು ತಿಂಗಳು ಹಚ್ಚಬೇಕು, ತ್ರಾಸ ಕಮ್ಮಿ, ಗುಣವೂ ಕಮ್ಮಿ. ಇನ್ನೊಂದು ಮುಲಾಮು, ದಿನಕ್ಕೆರಡು ಸಲ ಇಪ್ಪತ್ತೆಂಟು ದಿನ. ಅದು ಉರಿಯತ್ತೆ. "ಉರಿದರೆ ಹೆದರಬೇಡಿ, ಕೆಟ್ಟ ಕಡೆ ಹುಡುಕಿ ಸುಡ್ತಿದೆ ಅಂತ ಅರ್ಥ. ಮಧ್ಯೆ ಮಾತ್ರ ಬಿಡಬೇಡಿ, ಅರ್ಧ ಸತ್ತದ್ದು ಮತ್ತೆ ಎದ್ದು ಕೂರತ್ತೆ" ಅಂತ ನನ್ನ ಮುಖ ನೋಡಿಯೇ ಹೇಳಿದರು. ಇವರು, "ಕಳೆ ಕೀಳೋದಾದರೆ ಬೇರು ಸಮೇತ ಕೀಳಬೇಕಮ್ಮ, ಉರಿಯೋದನ್ನೇ ಕೊಡಿ" ಅಂದರು.

ಇವರ ಕಣ್ಣು ನಿನಗೆ ಗೊತ್ತಲ್ಲ, ಕನ್ನಡಿಗೆ ಮೂಗು ತಾಗಿಸಿದರೂ ಅರ್ಧ ಕಾಣಲ್ಲ. ಕೈಗೆ ಗ್ಲೌಸ್ ಹಾಕ್ಕೊಂಡು ನಾನೇ ಹಚ್ಚುತ್ತಿದ್ದೆ. ಹತ್ತನೇ ದಿನಕ್ಕೆ ಮುಖ ಕೆಂಪಾಯ್ತು. ಹದಿನಾಲ್ಕಕ್ಕೆ ಚರ್ಮ ಸುಲಿದು ನೀರು ಸೋರಿ ಹೊಪ್ಪಳೆ ಕಟ್ಟಿತು. ಬೆಳಿಗ್ಗೆ ದಿಂಬಿನ ಬಟ್ಟೆ ಕೆನ್ನೆಗೆ ಅಂಟಿರ್ತಿತ್ತು, ಬೆಚ್ಚಗಿನ ನೀರು ಹಾಕಿ ಬಿಡಿಸ್ತಿದ್ದೆ. ನರ್ಸರಿಗೆ ಬಂದ ಒಬ್ಬಾಕೆ ಆರಿಸಿದ ಕುಂಡ ಅಲ್ಲೇ ಇಟ್ಟು ಹೊರಟುಹೋದಳಂತೆ. ಇವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡ್ಕೊಂಡು, "ಹಚ್ಚು ಕಣೇ, ಉರಿದರೆ ಒಳ್ಳೇದಂತಲ್ಲ" ಅನ್ನೋರು.

ಹದಿನೈದನೇ ದಿನ ನಾನು ಆ ಮುಲಾಮು ಹಚ್ಚಲಿಲ್ಲ. ಒಡೆದ ಹಿಮ್ಮಡಿಗೆ ನಾನು ಸವರಿಕೊಳ್ಳೋ ಕ್ರೀಮು ತಗೊಂಡು ಇವರ ಮುಖಕ್ಕೆ ಹಚ್ಚಿದೆ. ಅದೂ ಬಿಳಿ, ಇದೂ ಬಿಳಿ. "ಇವತ್ತು ಉರಿ ಕಮ್ಮಿ" ಅಂದರು. "ವಾಸಿಯಾಗ್ತಾ ಬಂತು, ಅದಕ್ಕೇ" ಅಂದೆ. ಉಳಿದ ಹದಿಮೂರು ದಿನವೂ ಅದೇ ಹಚ್ಚಿದೆ. ಮುಲಾಮಿನ ಟ್ಯೂಬನ್ನ ಹಳೇ ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿದೆ. ಹೊಪ್ಪಳೆ ಉದುರಿ ಮುಖ ನುಣ್ಣಗಾಯ್ತು. ಡಾಕ್ಟರಮ್ಮ "ಪೂರ್ತಿ ಹಚ್ಚಿದಿರಾ?" ಅಂತ ಕೇಳಿದ್ದಕ್ಕೆ ಇವರೇ ಹೆಮ್ಮೆಯಿಂದ, "ಒಂದು ಹೊತ್ತೂ ತಪ್ಪಿಸಿಲ್ಲ, ನಮ್ಮನೇಲಿರೋಳು ಹೆಡ್‌ಮಿಸ್ಟ್ರೆಸ್ಸು" ಅಂದರು. ನಾನು ತಲೆ ಆಡಿಸಿದೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ತಪ್ಪಿತು ಅಂತಲೇ ಅಂದ್ಕೊಂಡೆ.

ಹೋದ ವರ್ಷ ದೀಪಾವಳಿ ಹೊತ್ತಿಗೆ ಕಿವಿ ಪಕ್ಕ ಬಟಾಣಿಯಷ್ಟು ಗಂಟು ಎದ್ದಿತು. ಶೇವಿಂಗ್ ಮಾಡುವಾಗ ಕೊಯ್ದದ್ದು ಅಂತ ಇವರು ಎರಡು ತಿಂಗಳು ಸುಮ್ಮನಿದ್ದರು. ಗಂಟು ಎದ್ದದ್ದು ಎಲ್ಲಿಂದ ಅಂತ ನನಗೆ ನೋಡಿದ ದಿನವೇ ಗೊತ್ತಿತ್ತು, ನಾನೂ ಸುಮ್ಮನಿದ್ದೆ.

ತೊಡೆಯ ಚರ್ಮ ತೆಗೆದು ಕೆನ್ನೆಗೆ ಕಸಿ ಮಾಡಿದ್ದಾರೆ. ಜೀವಮಾನವೆಲ್ಲ ಗುಲಾಬಿಗೆ ಕಸಿ ಕಟ್ಟಿದ ಮನುಷ್ಯ ನರ್ಸಿಗೆ, "ನೀರು ಕಮ್ಮಿ ಹಾಕಿ, ಕೊಳೆತುಹೋಗತ್ತೆ" ಅಂತ ಹೇಳಿಕೊಟ್ಟರು. ವಾರ್ಡಿನವರೆಲ್ಲ ನಕ್ಕರು. ಸರ್ಜನ್ ಹಳೇ ಚೀಟಿ ನೋಡಿ, "ಆ ಮುಲಾಮು ಕೆಲವರಿಗೆ ಹಿಡಿಯಲ್ಲ, ಯಾರ ತಪ್ಪೂ ಅಲ್ಲ" ಅಂದರು. ಇವರು ನನ್ನ ಕೈ ಹಿಡ್ಕೊಂಡು, "ಕೇಳಿದೆಯಾ? ನೀನು ಪಾಪ ಎಷ್ಟು ಒದ್ದಾಡಿದೆ" ಅಂದರು. ಅಲ್ಲೇ ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗ್ತಿದ್ದೆ ಕಣೇ.

ಇವರಿಗೆ ಹೇಳಬೇಕಾ, ಬೇಡವಾ? ಹೇಳಿದರೆ ಹೋಗೋ ಮನುಷ್ಯನ ನೆಮ್ಮದಿ ಕೆಡಿಸಿದ ಹಾಗೆ. ಹೇಳದಿದ್ದರೆ ಆ ಕ್ರೀಮು ಹಚ್ಚಿದ ಕೈ ಹಿಡಿಸ್ಕೊಂಡು ದಿನಾ ಥ್ಯಾಂಕ್ಸ್ ಹೇಳಿಸ್ಕೋಬೇಕು. ನೀನು ಏನು ಬರೀತೀಯ ಅಂತ ಗೊತ್ತು. ನೋವು ನೋಡಲಾರದೆ ಕರುಳು ತಡೀಲಿಲ್ಲ, ಕರುಣೆಯಿಂದ ಮಾಡಿದ್ದು ತಪ್ಪಲ್ಲ ಅಂತೀಯ. ಹಾಗೇ ಬರಿ, ಓದ್ತೀನಿ.

ನಿನ್ನ ಮೊಮ್ಮಗಳಿಗೆ ನನ್ನ ಮುತ್ತು. ನೂರು ವರ್ಷ ಬಾಳಲಿ, ಓದಲಿ, ನಿನ್ನ ಅಕ್ಷರ ಮಾತ್ರ ಬರದಿರಲಿ. ನಿಮ್ಮೆಲ್ಲರ ಮೈ ಚೆನ್ನಾಗಿರಲಿ.

ನಿನ್ನ,
ಕಡ್ಡಿ

ಮ.ವಿ.: ಕಾಗದ ಅಂಟಿಸಿ ಮತ್ತೆ ಬಿಚ್ಚಿದೆ. ಕರುಳಿನ ಮಾತು ಬರೀಬೇಡ, ಅದು ಸುಳ್ಳು. ಹದಿನಾಲ್ಕು ದಿನ ತಡೆದ ಕರುಳು ಇನ್ನು ಹದಿನಾಲ್ಕು ದಿನವೂ ತಡೀತಿತ್ತು. ಹದಿನೈದನೇ ದಿನ ಸ್ಕೂಲಿಂದ ಫೋನ್ ಬಂತು. ಇನ್ನು ಮೂರು ವಾರಕ್ಕೆ ನನ್ನ ಬೀಳ್ಕೊಡುಗೆ, ಯಜಮಾನರೂ ವೇದಿಕೆ ಮೇಲೆ ಪಕ್ಕದಲ್ಲೇ ಕೂರಬೇಕು ಅಂದರು. ಆ ಮುಖ ನನ್ನ ಪಕ್ಕ ಬೇಡ ಅನ್ನಿಸ್ತು. ಬರಬೇಡಿ ಅಂತ ಇವರಿಗೆ ಹೇಳೋ ಧೈರ್ಯವೂ ಆಗಲಿಲ್ಲ. ಬಿಳಿಯನನ್ನ ಕಟ್ಕೊಂಡಳು ಅಂತ ಊರೆಲ್ಲ ಆಡಿಕೊಂಡಾಗ ತಲೆ ತಗ್ಗಿಸದವಳಿಗೆ ಮೂವತ್ತೊಂದು ವರ್ಷ ಆದ ಮೇಲೆ ನಾಚಿಕೆ ಬಂತು. ಬೀಳ್ಕೊಡುಗೆ ದಿನ ನೀನೂ ಬಂದಿದ್ದೆ. "ಏನೇ, ನಿನ್ನ ಗಂಡನ ಮುಖ ಮದುಮಗನ ಹಾಗೆ ಹೊಳೀತಿದೆ" ಅಂದೆ. ಇವರು ಅದನ್ನ ನೆನೆಸ್ಕೊಂಡು ಈಗಲೂ ನಗ್ತಾರೆ. ಹೊಲಿಗೆ ಎಳೆಯತ್ತೆ, ಆದರೂ ನಗ್ತಾರೆ.