ತೊಟ್ಟಿಲಗಾಡಿಯ ಕಾವಲು

ಡೆನ್ಮಾರ್ಕ್
೧೩ ಅಕ್ಟೋಬರ್ ೨೦೨೪

ರಂಜಿತ,

ನೀನು ಸೌಖ್ಯವಾಗಿದ್ದೀಯ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ಕಾಗದ ತಡವಾಯಿತು, ಬಯ್ಯಬೇಡ. ಬಯ್ದರೂ ಸರಿಯೇ, ಆ ನೆಪದಲ್ಲಾದರೂ ನಿನ್ನಿಂದ ಒಂದು ಸಾಲು ಬರುತ್ತದಲ್ಲ. ಫೋನು ಮಾಡಿದರೆ ನಿಮ್ಮವ್ವ ಎತ್ತಿ, "ಅವ್ಳು ಮಾತಾಡಕ್ಕಿಲ್ಲ ಅಂತಾವ್ಳೆ ಕಣಪ್ಪ, ನಾನೇನ್ ಮಾಡ್ಲಿ" ಅನ್ನುತ್ತಾರೆ. ನಮ್ಮ ಕೂಸು ಉಸಿರಿಲ್ಲದೆ ಹುಟ್ಟಿ, ನೀನು ನಾಗಮಂಗಲದ ತವರಿಗೆ ಹೋಗಿ ಹದಿನಾಲ್ಕು ತಿಂಗಳಾಯಿತು. ಏಪ್ರಿಲ್‌ನಲ್ಲಿ ನನಗೆ ರಜೆ. ನೇರ ನಮ್ಮೂರು ಶೀಳನೆರೆಗೆ ಹೋಗಲೋ, ನಿನ್ನನ್ನು ಕರೆಯಲು ನಾಗಮಂಗಲಕ್ಕೆ ಬರಲೋ, ನೀನೇ ಹೇಳಬೇಕು.

ಇಲ್ಲಿಯದು ಊರು ಅನ್ನಬೇಕೋ ಬೇಡವೋ ತಿಳಿಯದು. ಹನ್ನೊಂದು ಮನೆ, ಒಂದು ಚರ್ಚು, ಮಿಕ್ಕಿದ್ದೆಲ್ಲ ಹುಲ್ಲು, ಗಾಳಿ. "ಊಟ ಆಯ್ತಾ" ಎಂದು ಕೇಳುವ ಒಂದು ನರಪಿಳ್ಳೆ ಇಲ್ಲ. ಪ್ರತಿ ಮನೆಯ ಮುಂದೂ ಒಂದು ಕಂಬ. ಹುಟ್ಟಿದ ದಿನವಾದರೆ ಬಾವುಟ ತುದಿಗೇರುತ್ತದೆ, ಸಾವಾದರೆ ಅರ್ಧಕ್ಕೆ ನಿಲ್ಲುತ್ತದೆ. ಬಾಯಿಬಿಟ್ಟು ಹೇಳುವ ಕೆಲಸವೇ ಇಲ್ಲ. ನಮ್ಮ ಪಕ್ಕದ ಮನೆ ಕುಳ್ಳಮ್ಮ ಇಲ್ಲಿಗೆ ಬಂದರೆ, ಸುದ್ದಿ ಹೇಳಲು ಯಾರೂ ಸಿಗದೆ ಮೂರೇ ದಿನಕ್ಕೆ ಹಾಸಿಗೆ ಹಿಡಿಯುತ್ತಾಳೆ. ನಾನು ದುಡಿಯುವ ಕೊಟ್ಟಿಗೆಯಲ್ಲಿ ಇನ್ನೂರು ಹಸು. ಹಾಲು ಕರೆಯುವುದು ಯಂತ್ರ. ನಾನು ಸಗಣಿ ಬಾಚಿ, ಮೇವು ಹಾಕಿ, ಹಸುಗಳ ಜೊತೆ ಕನ್ನಡದಲ್ಲಿ ಮಾತಾಡುತ್ತೇನೆ.

ಹೋದ ವಾರ ಒಂದು ಎಡವಟ್ಟಾಯಿತು. ಯಜಮಾನರ ಮನೆಯ ಮುಂದೆ, ಸೇಬಿನ ಮರದ ಕೆಳಗೆ ತೊಟ್ಟಿಲಗಾಡಿಯಲ್ಲಿ ಅವರ ಮೊಮ್ಮಗು ಮಲಗಿತ್ತು. ಕೊರೆಯುವ ಚಳಿ, ಸುತ್ತ ಒಬ್ಬರಿಲ್ಲ. ನಮ್ಮಲ್ಲಿ ಹಸುಗೂಸಿನ ತಲೆದೆಸೆಗೆ ಕಬ್ಬಿಣ ಇಡದೆ ಬಿಟ್ಟು ಹೋಗುತ್ತಾರೆಯೇ? ಜೇಬಿನಲ್ಲಿದ್ದ ಸ್ಪ್ಯಾನರನ್ನು ಹಾಸಿಗೆಯ ಕೆಳಗೆ ತೂರಿಸಿ, ಮುಕ್ಕಾಲು ಗಂಟೆ ಕಾವಲು ನಿಂತೆ. ತಾಯಿ ಹೊರಬಂದು ಗಾಬರಿಯಾದಳು. ಹರಕು ಮುರುಕು ಇಂಗ್ಲಿಷಿನಲ್ಲಿ ವಿಷಯ ತಿಳಿಸಿದ ಮೇಲೆ ನಕ್ಕಳು. ಇಲ್ಲಿಯ ಮಕ್ಕಳೆಲ್ಲ ಹೊರಗೇ ಮಲಗುತ್ತಾರಂತೆ, ಗಾಳಿ ಒಳ್ಳೆಯದಂತೆ. ಪುಣ್ಯಾತ್ಗಿತ್ತಿ, ಸ್ಪ್ಯಾನರು ಅಲ್ಲೇ ಇರಲಿ ಅಂದಳು. ನಿನಗೆ ಮಕ್ಕಳೆಷ್ಟು ಎಂದು ಕೇಳಿದಳು. ಒಬ್ಬಳೇ ಮಗಳು ಅಂದೆ. ವಯಸ್ಸು ಕೇಳಿದಳು. ಅದನ್ನೂ ಹೇಳಿದೆ.

ಇಲ್ಲಿ ಕರು ನೆಲಕ್ಕೆ ಬಿದ್ದ ಕೂಡಲೇ ತಾಯಿಯಿಂದ ಬೇರೆ ಮಾಡುತ್ತಾರೆ. ಮೊನ್ನೆ ಈದ ಹಸುವೊಂದು ಎರಡು ದಿನ ಒಂದೇ ಸಮ ಕೂಗಿತು. ಕೇಳಲಾರದೆ ಬೇರೆ ಕರುವೊಂದನ್ನು ತಂದು ಬಿಟ್ಟೆ. ಮೂಸಿತು, ಮೂತಿಯಿಂದ ಪಕ್ಕಕ್ಕೆ ನೂಕಿತು, ಬಾಗಿಲ ಕಡೆ ತಿರುಗಿ ಮತ್ತೆ ಕೂಗಿತು. ನಾನು ಬಕೆಟ್ಟು ಕವುಚಿಕೊಂಡು ಅದರ ಮೇಲೆ ಕೂತು ಅತ್ತುಬಿಟ್ಟೆ. ಒಬ್ಬನೇ ಇದ್ದು ಇದ್ದು ಸಾಕಾಗಿದೆ ರಂಜಿತ.

ಅತ್ತೆಗೂ ಮಾವನಿಗೂ ನನ್ನ ನಮಸ್ಕಾರ. ಮಂಜಿನಲ್ಲಿ ಬರಿದಲೆಯಲ್ಲಿ ಓಡಾಡಬೇಡ. ಚುಂಚನಗಿರಿ ಭೈರವ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ತಿಮ್ಮರಾಜು

ಮತ್ತೆ: ಆವತ್ತು ನಿನಗೆ ಎದೆಹಾಲು ಕಟ್ಟಿಕೊಂಡು ಜ್ವರ ಬಂದಾಗ, ನನ್ನ ತಂಗಿ ಶ್ವೇತಳ ಕೂಸನ್ನು ತಂದು, ನಿನ್ನನ್ನು ಒಂದು ಮಾತೂ ಕೇಳದೆ ಮಡಿಲಿಗೆ ಹಾಕಿದೆ. ಕರು ಸತ್ತರೆ ನಮ್ಮಪ್ಪ ಬೇರೆ ಕರು ಬಿಡುತ್ತಿದ್ದ, ನನಗೆ ಗೊತ್ತಿದ್ದ ಮದ್ದು ಅದೊಂದೇ. "ನಾನೇನ್ ನಿನ್ ಕೊಟ್ಗೇಲಿರೋ ಹಸೂನಾ?" ಅಂದೆ ನೀನು. ಆಮೇಲೆ ನೀನು ನನ್ನೊಡನೆ ಮಾತಾಡಿಲ್ಲ. ತಪ್ಪಾಯ್ತು ಕಣೆ. ಇನ್ನೊಂದನ್ನು ಯಾರಿಗೂ ಹೇಳಿಲ್ಲ. ಮಣ್ಣು ಮಾಡುವಾಗ ಮುಖದ ಬಟ್ಟೆ ಸರಿಸಲು ನನಗೆ ಧೈರ್ಯ ಬರಲಿಲ್ಲ. ನಮ್ಮ ಮಗಳನ್ನು ನಾನು ನೋಡೇ ಇಲ್ಲ. ನೀನು ನೋಡಿದ್ದೀಯ. ಬೇರೇನೂ ಬರೆಯದಿದ್ದರೂ ಸರಿ, ಅವಳು ಹೇಗಿದ್ದಳು ಅಂತ ಬರೆ.